ಡೀಸೆಲ್ ಎಂಬ ಮನುಷ್ಯ ಮತ್ತು ನಮ್ಮ ಮನೆಯ ಹೊಸ ಪಿಕಪ್

ಡೀಸೆಲ್ ಎಂಬ ಶಬ್ದವನ್ನು ದಿನಕ್ಕೆ ಹತ್ತಾರು ಬಾರಿ ಉಚ್ಚರಿಸುವ ನಾವು, ಅದು ಎಣ್ಣೆಯೊಂದರ ಹೆಸರಾಗುವ ಮೊದಲು ಒಬ್ಬ ಮನುಷ್ಯನ ಮನೆತನದ ಹೆಸರಾಗಿತ್ತೆಂಬುದನ್ನು ನೆನೆಯುವುದು ಅಪರೂಪ. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ಹೋಟೆಲು, ಕ್ಯಾಟರಿಂಗು, ತರಕಾರಿಯ ಸಗಟು ವ್ಯಾಪಾರ, ಮುದ್ರಣಾಲಯ ಮುಂತಾದ ಉದ್ಯೋಗಗಳನ್ನು ನಡೆಸಿಕೊಂಡು ನೆಲೆನಿಂತ ನಮ್ಮ ಕನ್ನಡ ಕುಟುಂಬಗಳಲ್ಲಿ ಅನೇಕರ ಅಂಗಳದಲ್ಲಿ ಇಂದು ಒಂದು ಡೀಸೆಲ್ ಪಿಕಪ್ ವಾಹನ ನಿಂತಿರುತ್ತದೆ. ಆಯುಧಪೂಜೆಯ ದಿನ ಅದಕ್ಕೆ ಹೂಮಾಲೆ ಹಾಕಿ, ಕುಂಬಳಕಾಯಿ ಒಡೆದು, ಚಕ್ರದಡಿ ನಿಂಬೆಹಣ್ಣು ಇಟ್ಟು ಹೊರಡುತ್ತೇವೆ. ಆದರೆ ಆ ಯಂತ್ರವನ್ನು ಮೊದಲಿಗೆ ಕಲ್ಪಿಸಿದಾತನ ಬಾಳು ಹೇಗೆ ಸಾಗಿತು, ಹೇಗೆ ಕೊನೆಗೊಂಡಿತು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಆ ಜೀವನವನ್ನು ಇಲ್ಲಿ ನಿರೂಪಿಸುತ್ತಾ, ನಡುನಡುವೆ ಹೊಸ ಪಿಕಪ್ಪಿನ ಆರೈಕೆಯ ಕುರಿತೂ ನಾಲ್ಕು ಮಾತುಗಳನ್ನು ಸೇರಿಸಲು ಬಯಸುತ್ತೇವೆ. ಎರಡೂ ಬೇರೆ ಬೇರೆ ವಿಷಯಗಳೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಆ ಇಂಜಿನಿಯರರನ್ನು ನೂರಾಮೂವತ್ತು ವರ್ಷಗಳ ಹಿಂದೆ ಕಾಡಿದ ತೊಂದರೆಗಳೇ ಇಂದಿಗೂ ನಮ್ಮ ಗ್ಯಾರೇಜುಗಳಲ್ಲಿ ಬೇರೆ ವೇಷದಲ್ಲಿ ಎದುರಾಗುತ್ತವೆ.

ರುಡಾಲ್ಫ್ ಡೀಸೆಲ್ ಜನಿಸಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್ ನಗರದಲ್ಲಿ. ತಂದೆ ಥಿಯೋಡೋರ್ ಜರ್ಮನಿಯ ಆಗ್ಸ್‌ಬರ್ಗ್‌ನಿಂದ ಹೊಟ್ಟೆಪಾಡಿಗಾಗಿ ಬಂದು ನೆಲೆಸಿದ್ದ ಪುಸ್ತಕ ಕಟ್ಟುವ ಕಸುಬಿನವರು. ಚರ್ಮದ ಚೀಲ, ಪೆಟ್ಟಿಗೆಗಳನ್ನೂ ತಯಾರಿಸುತ್ತಿದ್ದರು. ತಾಯಿ ಎಲೀಸ್ ಕೂಡ ಜರ್ಮನ್ ಮೂಲದವರೇ. ಮನೆಯೊಳಗೆ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು ಭಾಷೆ; ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುವ ನಮ್ಮ ಓದುಗರಿಗೆ ಆ ಮನೆಯ ಚಿತ್ರವನ್ನು ವಿವರಿಸಿ ಹೇಳಬೇಕಾಗಿಲ್ಲ. ಬಾಲಕ ರುಡಾಲ್ಫ್ ತಂದೆ ತಯಾರಿಸಿದ ಚರ್ಮದ ಸಾಮಾನುಗಳನ್ನು ಕೈಗಾಡಿಯಲ್ಲಿ ಹೇರಿಕೊಂಡು ಗಿರಾಕಿಗಳ ಮನೆಗೆ ತಲುಪಿಸುತ್ತಿದ್ದ.

1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾಗಳ ನಡುವೆ ಯುದ್ಧ ಆರಂಭವಾದಾಗ, ಪ್ಯಾರಿಸ್‌ನಲ್ಲಿದ್ದ ಜರ್ಮನ್ ಮೂಲದವರು ಊರು ಬಿಡಬೇಕಾಯಿತು. ವರ್ಷಗಟ್ಟಲೆ ಕಟ್ಟಿದ್ದ ಬದುಕನ್ನು ಹಿಂದೆ ಬಿಟ್ಟು ಡೀಸೆಲ್ ಕುಟುಂಬ ಲಂಡನ್ನಿಗೆ ಹೊರಟಿತು. ಅಲ್ಲಿಯೂ ದಾರಿದ್ರ್ಯ ಬೆನ್ನುಬಿಡಲಿಲ್ಲ. ಕೊನೆಗೆ ಹನ್ನೆರಡು ವರ್ಷದ ಹುಡುಗನನ್ನು ಆಗ್ಸ್‌ಬರ್ಗ್‌ನ ಬಂಧುಗಳ ಮನೆಗೆ ಕಳುಹಿಸಲಾಯಿತು. ಅಲ್ಲಿ ಆತನಿಗೆ ಆಶ್ರಯವಿತ್ತ ಬಾರ್ನಿಕೆಲ್ ಎಂಬವರು ಔದ್ಯೋಗಿಕ ಶಾಲೆಯಲ್ಲಿ ಗಣಿತದ ಅಧ್ಯಾಪಕರು. ಆ ಮನೆ, ಆ ಶಾಲೆ ಹುಡುಗನ ಭವಿಷ್ಯವನ್ನು ನಿರ್ಧರಿಸಿದವು. ಹದಿನಾಲ್ಕನೆಯ ವಯಸ್ಸಿಗೇ ತಾನು ಇಂಜಿನಿಯರ್ ಆಗುವೆನೆಂದು ಆತ ಹೆತ್ತವರಿಗೆ ಪತ್ರ ಬರೆದು ತಿಳಿಸಿದ. ಬೇಗನೆ ಸಂಪಾದನೆಗೆ ತೊಡಗಲಿ ಎಂಬ ಅವರ ಇಚ್ಛೆಗೆ ಇದು ವಿರುದ್ಧವಾಗಿತ್ತು. ಆದರೆ 1875ರಲ್ಲಿ ಮ್ಯೂನಿಕ್‌ನ ಪಾಲಿಟೆಕ್ನಿಕ್‌ನಲ್ಲಿ ವಿದ್ಯಾರ್ಥಿವೇತನ ದೊರೆತಾಗ ಆತ ಹಿಂದೆ ಮುಂದೆ ನೋಡಲಿಲ್ಲ.

ಮ್ಯೂನಿಕ್‌ನಲ್ಲಿ ಅವರಿಗೆ ದೊರೆತ ಗುರು ಕಾರ್ಲ್ ಫಾನ್ ಲಿಂಡೆ. ಇಂದು ನಮ್ಮೆಲ್ಲರ ಅಡುಗೆಮನೆಯಲ್ಲಿರುವ ಫ್ರಿಜ್ಜಿನ ಹಿಂದಿನ ಶೈತ್ಯವಿಜ್ಞಾನಕ್ಕೆ ಅಡಿಪಾಯ ಹಾಕಿದವರಲ್ಲಿ ಅವರು ಪ್ರಮುಖರು. ಅಂದಿನ ಉಗಿಯಂತ್ರಗಳು ತಾವು ನುಂಗಿದ ಕಲ್ಲಿದ್ದಲಿನ ಶಕ್ತಿಯಲ್ಲಿ ಹತ್ತರಲ್ಲೊಂದು ಪಾಲನ್ನಷ್ಟೇ ದುಡಿಮೆಯಾಗಿ ಹಿಂದಿರುಗಿಸುತ್ತವೆ, ಉಳಿದುದೆಲ್ಲವೂ ಹೊಗೆಯಾಗಿ ಬಿಸಿಯಾಗಿ ಗಾಳಿಪಾಲಾಗುತ್ತದೆ ಎಂಬುದನ್ನು ಲಿಂಡೆಯವರ ಪಾಠಗಳಿಂದ ತಿಳಿದ ವಿದ್ಯಾರ್ಥಿಗೆ ಆ ವ್ಯರ್ಥವನ್ನು ಸಹಿಸುವುದು ಸಾಧ್ಯವಾಗಲಿಲ್ಲ. ಅದನ್ನು ತಪ್ಪಿಸುವ ಯಂತ್ರವೊಂದನ್ನು ರೂಪಿಸಬೇಕೆಂಬ ಹಂಬಲ ಅಂದೇ ಮೊಳೆಯಿತು. 1879ರಲ್ಲಿ ವಿಷಮಶೀತಜ್ವರದಿಂದ ಹಾಸಿಗೆ ಹಿಡಿದು ಪರೀಕ್ಷೆ ತಪ್ಪಿದರೂ, 1880ರ ಜನವರಿಯಲ್ಲಿ ಅತ್ಯುನ್ನತ ಶ್ರೇಣಿಯಲ್ಲಿ ತೇರ್ಗಡೆಯಾದರು. ಬಳಿಕ ಪ್ಯಾರಿಸ್‌ಗೆ ಮರಳಿ ಲಿಂಡೆಯವರ ಮಂಜುಗಡ್ಡೆ ತಯಾರಿಕೆಯ ಕಾರ್ಖಾನೆಯ ನಿರ್ಮಾಣದಲ್ಲಿ ನೆರವಾದರು. ಒಂದು ವರ್ಷದೊಳಗೆ ಅದರ ನಿರ್ದೇಶಕರೂ ಆದರು. 1883ರಲ್ಲಿ ಮಾರ್ಥಾ ಫ್ಲಾಷೆ ಎಂಬಾಕೆಯೊಡನೆ ವಿವಾಹವಾಯಿತು. ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. 1890ರಲ್ಲಿ ಸಂಸಾರ ಬರ್ಲಿನ್‌ಗೆ ಬಂದಿತು. ನೌಕರಿಯಲ್ಲಿದ್ದಾಗ ಕಂಡುಹಿಡಿದ ಶೈತ್ಯಯಂತ್ರಗಳ ಹಕ್ಕುಗಳನ್ನು ಸ್ವಂತಕ್ಕೆ ಬಳಸುವಂತಿರಲಿಲ್ಲ. ಆದ್ದರಿಂದ ತಮ್ಮದೇ ಆದ ಬೇರೊಂದು ಕ್ಷೇತ್ರ ಬೇಕಿತ್ತು. ಅಮೋನಿಯ ಆವಿಯಿಂದ ನಡೆಯುವ ಯಂತ್ರದ ಪ್ರಯೋಗಗಳಲ್ಲಿ ಹಲವು ವರ್ಷ ಕಳೆದರು, ಅದು ಕೈಗೂಡಲಿಲ್ಲ.

ಹೊಳೆದದ್ದು ಬೇರೆಯೇ ಒಂದು ಉಪಾಯ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ನಾವೆಲ್ಲ ಬಾಲ್ಯದಲ್ಲಿ ಮುಟ್ಟಿ ನೋಡಿದ್ದೇವೆ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಇನ್ನೂ ಬಲವಾಗಿ, ಮೂಲ ಗಾತ್ರದ ಹದಿನಾರನೆಯ ಒಂದು ಪಾಲಿಗೋ ಅದಕ್ಕಿಂತ ಕಡಿಮೆಗೋ ಒತ್ತಿದರೆ ಅದರ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್‌ಗೂ ಮೀರುತ್ತದೆ. ಆ ಕ್ಷಣದಲ್ಲಿ ಎಣ್ಣೆಯನ್ನು ಸಿಂಪಡಿಸಿದರೆ ಕಿಡಿಯ ಹಂಗಿಲ್ಲದೆ ಅದು ತಾನಾಗಿಯೇ ಉರಿಯುತ್ತದೆ. ಶಾಲೆಯಲ್ಲಿದ್ದಾಗ ಗಾಜಿನ ಕೊಳವೆಯೊಂದರಲ್ಲಿ ಗಾಳಿಯನ್ನು ಒತ್ತಿ ಬೆಂಕಿ ಹೊತ್ತಿಸುವ ಸಾಧನವನ್ನು ರುಡಾಲ್ಫ್ ನೋಡಿದ್ದರೆಂದೂ ಅದೇ ಪ್ರೇರಣೆಯಾಯಿತೆಂದೂ ಒಂದು ಕಥೆಯಿದೆ. ಅದೇನೇ ಇರಲಿ, 1892ರ ಫೆಬ್ರವರಿಯಲ್ಲಿ ಅವರು ಪೇಟೆಂಟ್‌ಗೆ ಅರ್ಜಿ ಸಲ್ಲಿಸಿದರು. ಮರುವರ್ಷ 67207ನೆಯ ಸಂಖ್ಯೆಯ ಜರ್ಮನ್ ಪೇಟೆಂಟ್ ಅವರದಾಯಿತು. ಉಗಿಯಂತ್ರದ ಸ್ಥಾನದಲ್ಲಿ ನಿಲ್ಲಬಲ್ಲ ಹೊಸ ಉಷ್ಣಯಂತ್ರದ ಸಿದ್ಧಾಂತವನ್ನು ವಿವರಿಸುವ ಗ್ರಂಥವೂ 1893ರಲ್ಲಿ ಪ್ರಕಟವಾಯಿತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಡೀಸೆಲ್ ಅವರ ಮನಸ್ಸಿನಲ್ಲಿದ್ದುದು ದೊಡ್ಡ ಗಿರಣಿಗಳ ಲಾಭವಲ್ಲ. ಉಗಿಯಂತ್ರ ದೊಡ್ಡದಾದಷ್ಟೂ ಅಗ್ಗ; ಹೀಗಾಗಿ ಬಂಡವಾಳಗಾರನ ಕಾರ್ಖಾನೆಯ ಮುಂದೆ ನೇಕಾರ, ಬಡಗಿ, ಚರ್ಮಕಾರರಂಥ ಸಣ್ಣ ಕಸುಬುದಾರರು ಸೋತುಹೋಗುತ್ತಿದ್ದರು. ಅಂಥವರ ಕೊಟ್ಟಿಗೆಯಲ್ಲಿಯೂ ಕಡಿಮೆ ಖರ್ಚಿನಲ್ಲಿ ನಡೆಯುವ ಯಂತ್ರವೊಂದಿದ್ದರೆ ಅವರು ತಲೆಯೆತ್ತಿ ಬಾಳಬಹುದೆಂಬುದು ಅವರ ಆಶಯ. ಕೈಗಾಡಿ ತಳ್ಳಿದ ಚರ್ಮಕಾರನ ಮಗ ಹಾಗೆ ಯೋಚಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಆಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆಯ ಮುಖ್ಯಸ್ಥರಾದ ಹೈನ್ರಿಷ್ ಬುಜ್ ಈ ಕಲ್ಪನೆಗೆ ಅವಕಾಶವಿತ್ತರು. ಕ್ರುಪ್ ಸಂಸ್ಥೆಯೂ ಹಣ ಹೂಡಿತು. 1893ರ ಆಗಸ್ಟ್ 10ರಂದು ಮೊದಲ ಯಂತ್ರಕ್ಕೆ ಇಂಧನ ಹಾಯಿಸಿದಾಗ ಸಿಡಿಲಿನಂಥ ಸದ್ದಾಗಿ, ಒತ್ತಡ ಅಳೆಯುವ ಉಪಕರಣ ಚೂರುಚೂರಾಗಿ ಹಾರಿತು. ಡೀಸೆಲ್ ಮತ್ತು ಅವರ ಸಹಾಯಕರು ಸ್ವಲ್ಪದರಲ್ಲಿ ಪಾರಾದರು. ಆದರೂ ಒತ್ತಿದ ಗಾಳಿಯಲ್ಲಿ ಎಣ್ಣೆ ತಾನಾಗಿ ಉರಿಯುವುದೆಂಬುದು ಸಿದ್ಧವಾಯಿತು. ಮುಂದಿನ ಯಂತ್ರ 1894ರ ಫೆಬ್ರವರಿ 17ರಂದು ನಿಮಿಷಕ್ಕೆ 88 ಸುತ್ತಿನ ವೇಗದಲ್ಲಿ ಸುಮಾರು ಒಂದೇ ಒಂದು ನಿಮಿಷ ತನ್ನ ಬಲದಿಂದ ತಾನೇ ತಿರುಗಿತು. ಅದನ್ನು ಮೊದಲು ಗಮನಿಸಿದ ಹಿರಿಯ ಮೇಸ್ತ್ರಿಯೊಬ್ಬರು ಮಾತಿಲ್ಲದೆ ತಲೆಯ ಟೋಪಿ ತೆಗೆದು ವಂದಿಸಿದರೆಂದು ಹೇಳುತ್ತಾರೆ.

ಒಂದು ನಿಮಿಷದಿಂದ ನಂಬಲರ್ಹವಾದ ಯಂತ್ರದವರೆಗೆ ಇನ್ನೂ ಮೂರು ವರ್ಷ ಹಿಡಿಯಿತು. ಮುಖ್ಯ ತೊಡಕು ಪಿಸ್ಟನ್ ಮತ್ತು ಸಿಲಿಂಡರಿನ ನಡುವಿನ ಬಿಗಿತದ್ದು. ಅಷ್ಟು ಒತ್ತಡದ ಗಾಳಿ ಕೂದಲೆಳೆಯ ಸಂದಿನಲ್ಲಿಯೂ ಸೋರಿಹೋಗುತ್ತಿತ್ತು. ಸೋರಿದರೆ ಉಷ್ಣವಿಲ್ಲ, ಉಷ್ಣವಿಲ್ಲದಿದ್ದರೆ ಉರಿಯಿಲ್ಲ. ಹೊಸ ಪಿಕಪ್ ಕೊಂಡವರು ಮೊದಲ ಸಾವಿರ, ಸಾವಿರದೈನೂರು ಕಿಲೋಮೀಟರುಗಳಲ್ಲಿ ಅವಸರ ಮಾಡಬಾರದೆಂದು ಹಿರಿಯ ಚಾಲಕರು ಹೇಳುವುದರ ಗುಟ್ಟು ಇಲ್ಲಿಯೇ ಇದೆ. ಪಿಸ್ಟನ್ನಿನ ರಿಂಗುಗಳು ಸಿಲಿಂಡರಿನ ಗೋಡೆಗೆ ಹೊಂದಿಕೊಂಡು ಕೂರುವುದು ಆ ಅವಧಿಯಲ್ಲಿ. ಆಗ ಪೂರ್ಣ ಭಾರ ಹೇರುವುದು, ಇಂಜಿನ್ನನ್ನು ಕಿರುಚಿಸುವುದು ಸಲ್ಲದು. ಹಾಗೆಂದು ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಸಾಗುವುದಾಗಲಿ, ಎತ್ತರದ ಗೇರಿನಲ್ಲಿ ಇಂಜಿನ್ ಏದುಸಿರು ಬಿಡುವಂತೆ ಎಳೆಸುವುದಾಗಲಿ ಒಳಿತಲ್ಲ. ಅರೆಭಾರದಲ್ಲಿ, ವೇಗವನ್ನು ಏರಿಳಿಸುತ್ತಾ ಓಡಿಸುವುದು ಉತ್ತಮ. ಮೊದಲ ಸರ್ವಿಸ್ ಯಾವ ಕಿಲೋಮೀಟರಿಗೆ, ಯಾವ ದರ್ಜೆಯ ಇಂಜಿನ್ ಆಯಿಲ್ ಎಂಬುದನ್ನು ವಾಹನದೊಡನೆ ಬರುವ ಕೈಪಿಡಿಯೇ ಹೇಳುತ್ತದೆ. ಆ ಪುಸ್ತಕವನ್ನು ಪ್ಲಾಸ್ಟಿಕ್ ಹೊದಿಕೆಯೂ ಬಿಚ್ಚದೆ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಇಡುವವರೇ ನಮ್ಮಲ್ಲಿ ಹೆಚ್ಚು. ಸರ್ವಿಸಿನ ಬಿಲ್ಲುಗಳನ್ನು ಜೋಪಾನವಾಗಿರಿಸುವುದೂ ಅಗತ್ಯ. ವಾರಂಟಿಯ ಪ್ರಶ್ನೆ ಬಂದಾಗ ಅವೇ ಸಾಕ್ಷಿ. ಇನ್ನೊಂದು ಸಣ್ಣ ಸಂಗತಿ: ಹೊಸ ವಾಹನದ ಚಕ್ರಗಳ ನಟ್ಟುಗಳನ್ನು ಮೊದಲ ಕೆಲವು ನೂರು ಕಿಲೋಮೀಟರುಗಳ ಬಳಿಕ ಮತ್ತೊಮ್ಮೆ ಬಿಗಿ ನೋಡಿಸಬೇಕು. ಇದಕ್ಕೆ ತಗಲುವುದು ಹತ್ತು ನಿಮಿಷ.

1897ರ ಫೆಬ್ರವರಿ 17ರಂದು, ಮೊದಲ ಓಟಕ್ಕೆ ಸರಿಯಾಗಿ ಮೂರು ವರ್ಷ ತುಂಬಿದ ದಿನ, ಮ್ಯೂನಿಕ್‌ನ ಪ್ರಾಧ್ಯಾಪಕ ಮೊರಿಟ್ಸ್ ಷ್ರೋಟರ್ ಅವರು ಯಂತ್ರವನ್ನು ಅಧಿಕೃತವಾಗಿ ಪರೀಕ್ಷಿಸಿದರು. ಒಂದೇ ಸಿಲಿಂಡರು, ಅದರ ವ್ಯಾಸ 250 ಮಿಲಿಮೀಟರ್, ಪಿಸ್ಟನ್ನಿನ ಓಟ 400 ಮಿಲಿಮೀಟರ್, ಬಲ ಸುಮಾರು 20 ಅಶ್ವಶಕ್ತಿ. ಇಂಧನದ ಶಕ್ತಿಯಲ್ಲಿ ಶೇಕಡಾ 26.2ರಷ್ಟು ದುಡಿಮೆಯಾಗಿ ದೊರೆಯುತ್ತಿತ್ತು. ಅಂದಿನ ಯಾವ ಉಗಿಯಂತ್ರವೂ ಇದರ ಹತ್ತಿರ ಸುಳಿಯುವಂತಿರಲಿಲ್ಲ. ಆ ವರ್ಷವೇ ಅಮೆರಿಕದ ಸೇಂಟ್ ಲೂಯಿಯ ಬಿಯರ್ ಉದ್ಯಮಿ ಅಡಾಲ್ಫಸ್ ಬುಷ್ ತಮ್ಮ ದೇಶದಲ್ಲಿ ಯಂತ್ರ ತಯಾರಿಸುವ ಹಕ್ಕಿಗಾಗಿ ಹತ್ತು ಲಕ್ಷ ಮಾರ್ಕ್ ತೆತ್ತರು. ಮರುವರ್ಷ ಡೀಸೆಲ್ ಅವರ ಎಲ್ಲ ಹಕ್ಕುಗಳನ್ನು ನಿರ್ವಹಿಸಲೆಂದೇ ಸ್ಥಾಪನೆಯಾದ ಕಂಪನಿ ಅವುಗಳ ಬೆಲೆಯನ್ನು ಮೂವತ್ತೈದು ಲಕ್ಷ ಮಾರ್ಕ್ ಎಂದು ಕಟ್ಟಿತು. ನಲವತ್ತು ವರ್ಷ ತುಂಬುವ ಹೊತ್ತಿಗೆ ಕೈಗಾಡಿಯ ಹುಡುಗ ಕೋಟ್ಯಧೀಶರ ಸಾಲಿಗೆ ಸೇರಿದ್ದರು. ಮ್ಯೂನಿಕ್‌ನಲ್ಲಿ ಅರಮನೆಯಂಥ ಮನೆ ಎದ್ದು ನಿಂತಿತು.

ಆದರೆ ಪ್ರಯೋಗಶಾಲೆಯಲ್ಲಿ ನಡೆದ ಯಂತ್ರ ಗಿರಾಕಿಯ ಅಂಗಳದಲ್ಲಿ ಹಾಗೆಯೇ ನಡೆಯಬೇಕೆಂದಿಲ್ಲ. ಮಾರಾಟವಾದ ಮೊದಲ ಯಂತ್ರ 1898ರಲ್ಲಿ ಕೆಂಪ್ಟನ್ ಎಂಬಲ್ಲಿನ ಬೆಂಕಿಕಡ್ಡಿ ಕಾರ್ಖಾನೆಗೆ ಹೋಯಿತು. ಬೆಂಕಿಕಡ್ಡಿಯ ಹಂಗಿಲ್ಲದೆ ಹೊತ್ತಿಕೊಳ್ಳುವ ಯಂತ್ರ ಬೆಂಕಿಕಡ್ಡಿ ತಯಾರಿಸುವವರ ಪಾಲಿಗೇ ಬಂದುದು ವಿಧಿಯ ವಿನೋದವೆನ್ನಬೇಕು. ಅದು ಪದೇ ಪದೇ ಕೆಟ್ಟಿತು. ಬೇರೆಡೆಗೆ ಹೋದ ಯಂತ್ರಗಳೂ ನಿಂತವು. ಕೆಲವರು ಹಣ ಹಿಂದೆ ಕೇಳಿದರು. ಪೇಟೆಂಟಿನಲ್ಲಿ ಬರೆದ ಸಿದ್ಧಾಂತಕ್ಕೂ ವಾಸ್ತವವಾಗಿ ನಡೆಯುತ್ತಿದ್ದ ಯಂತ್ರಕ್ಕೂ ವ್ಯತ್ಯಾಸವಿದೆಯೆಂದು ಪ್ರತಿಸ್ಪರ್ಧಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಈ ಆಕ್ಷೇಪದಲ್ಲಿ ಸ್ವಲ್ಪ ಹುರುಳಿತ್ತೆಂಬುದನ್ನೂ ಹೇಳಬೇಕು. ಮೊದಲ ಕಲ್ಪನೆಯಂತೆ ಯಂತ್ರ ಕಟ್ಟುವುದು ಅಸಾಧ್ಯವೆಂದು ಅರಿತು ಡೀಸೆಲ್ ಸ್ವತಃ ಅದನ್ನು ಬದಲಿಸಿಕೊಂಡಿದ್ದರು. ತಲೆನೋವು, ನಿದ್ರಾಹೀನತೆಗಳಿಂದ ಬಳಲಿ 1898ರ ಶರತ್ಕಾಲದಲ್ಲಿ ಆಸ್ಪತ್ರೆ ಸೇರಬೇಕಾಯಿತು. ಆ ಬಳಿಕ ಅವರ ಆರೋಗ್ಯ ಮೊದಲಿನಂತಾಗಲೇ ಇಲ್ಲ.

ಕೆಡುವ ಯಂತ್ರಗಳನ್ನು ದುರಸ್ತಿಗೊಳಿಸಿದವರು ಆಗ್ಸ್‌ಬರ್ಗ್‌ನ ತಾಳ್ಮೆಯ ಮೇಸ್ತ್ರಿಗಳು. ನಿಧಾನವಾಗಿ ಯಂತ್ರ ಪಳಗಿತು. 1900ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಅದಕ್ಕೆ ಅತ್ಯುಚ್ಚ ಬಹುಮಾನ ದೊರೆಯಿತು. ಅಲ್ಲಿಯೇ ಫ್ರೆಂಚ್ ಸರಕಾರದ ಕೋರಿಕೆಯಂತೆ ಒಂದು ಸಣ್ಣ ಯಂತ್ರವನ್ನು ಕಡಲೆಕಾಯಿ ಎಣ್ಣೆಯಿಂದ ನಡೆಸಿ ತೋರಿಸಲಾಯಿತು. ಅದು ಎಷ್ಟು ಸಲೀಸಾಗಿ ನಡೆಯಿತೆಂದರೆ ನೋಡಿದವರಲ್ಲಿ ಹೆಚ್ಚಿನವರಿಗೆ ಬೇರೆ ಎಣ್ಣೆಯೆಂಬುದು ಗೊತ್ತೇ ಆಗಲಿಲ್ಲ. ಸಸ್ಯಜನ್ಯ ಎಣ್ಣೆಗಳು ಮುಂದೊಂದು ದಿನ ಕಲ್ಲೆಣ್ಣೆಯಷ್ಟೇ ಮುಖ್ಯವಾಗಬಹುದೆಂದು ಡೀಸೆಲ್ 1912ರಲ್ಲಿ ಅಭಿಪ್ರಾಯಪಟ್ಟಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ನಮ್ಮ ಹೊಲದ ಬದುಗಳ ಹೊಂಗೆಯ ಬೀಜದ ಎಣ್ಣೆಯಿಂದ ಡೀಸೆಲ್ ಯಂತ್ರಗಳನ್ನು ನಡೆಸಿದಾಗ ನಮಗೆಲ್ಲ ಅದು ಹೊಸ ಸುದ್ದಿಯಾಗಿ ಕಂಡಿತು. ಬೀಜ ಬಿದ್ದದ್ದು ಪ್ಯಾರಿಸ್‌ನ ಆ ಪ್ರದರ್ಶನದಲ್ಲಿ. (ಇದನ್ನೋದಿ ಯಾರೂ ಹೋಟೆಲಿನ ಬಾಣಲೆಯಲ್ಲಿ ಉಳಿದ ಎಣ್ಣೆಯನ್ನು ಇಂದಿನ ಪಿಕಪ್ಪಿನ ಟ್ಯಾಂಕಿಗೆ ಸುರಿಯಬಾರದಾಗಿ ವಿನಂತಿ. ಸಂಸ್ಕರಿಸದ ಎಣ್ಣೆ ನಾಜಲ್ಲುಗಳನ್ನು ಕಟ್ಟಿಸಿಬಿಡುತ್ತದೆ.)

1903ರಲ್ಲಿ ಡೀಸೆಲ್ ಯಂತ್ರ ನದಿಯ ದೋಣಿಗಳನ್ನೇರಿತು. 1912ರಲ್ಲಿ ಡೆನ್ಮಾರ್ಕಿನ ಸೆಲಾಂಡಿಯಾ ಎಂಬ ಹಡಗು ಹೊಗೆಕೊಳವೆಯಿಲ್ಲದ ವಿಚಿತ್ರ ರೂಪದಲ್ಲಿ ಕೋಪನ್‌ಹೇಗನ್‌ನಿಂದ ಬ್ಯಾಂಕಾಕಿನವರೆಗೆ ಸಾಗರಯಾನ ಮಾಡಿ ಲೋಕವನ್ನು ಬೆರಗುಗೊಳಿಸಿತು. ಜಲಾಂತರ್ಗಾಮಿಗಳಿಗೂ ಇದೇ ಯಂತ್ರ ಬೇಕೆನಿಸಿತು. ಸಣ್ಣ ಕಸುಬುದಾರನಿಗೆಂದು ಕನಸಿದ ಯಂತ್ರ ದೊಡ್ಡ ಕಾರ್ಖಾನೆ, ದೊಡ್ಡ ಹಡಗು, ಯುದ್ಧನೌಕೆಗಳ ಸೊತ್ತಾಗುತ್ತಿತ್ತು. 1903ರಲ್ಲಿ ಡೀಸೆಲ್ ಅವರು ಸಹಕಾರ ತತ್ತ್ವದ ಮೇಲೆ ದುಡಿಯುವವರೇ ಒಡೆಯರಾಗುವ ಸಮಾಜವೊಂದನ್ನು ಕಲ್ಪಿಸಿ ಗ್ರಂಥ ಬರೆದರು. ಹತ್ತು ಸಾವಿರ ಪ್ರತಿಗಳು ಅಚ್ಚಾದವು. ಮಾರಾಟವಾದವು ಕೆಲವೇ ನೂರು. ತಮ್ಮ ಯಂತ್ರಕ್ಕಿಂತಲೂ ಆ ಚಿಂತನೆಯೇ ದೊಡ್ಡದೆಂದು ನಂಬಿದ್ದ ಅವರಿಗೆ ಆದ ನಿರಾಶೆಯನ್ನು ಊಹಿಸಬಹುದು.

ವಾಹನಕ್ಕೆ ಹೊಂದುವ ಸಣ್ಣ ಯಂತ್ರವೂ ಅವರ ಮನಸ್ಸಿನಲ್ಲಿತ್ತು. 1908ರ ಸುಮಾರಿಗೆ ಲಾರಿಗೆ ಅಳವಡಿಸಬಲ್ಲ ಯಂತ್ರವೊಂದರ ಪ್ರಯತ್ನಕ್ಕೂ ಕೈಹಾಕಿದರು. ಅಡ್ಡಿಯಾದದ್ದು ಇಂಧನ ಹಾಯಿಸುವ ವಿಧಾನ. ಎಣ್ಣೆಯನ್ನು ಸಿಲಿಂಡರಿಗೆ ಸಿಂಪಡಿಸಲು ಇನ್ನೂ ಹೆಚ್ಚು ಒತ್ತಡದ ಗಾಳಿ ಬೇಕಿತ್ತು. ಆ ಗಾಳಿಗೊಂದು ಭಾರವಾದ ಕಂಪ್ರೆಸರ್ ಬೇಕಿತ್ತು. ಅದನ್ನು ಹೊತ್ತ ಲಾರಿಗೆ ಸಾಮಾನು ಹೊರುವ ಶಕ್ತಿ ಉಳಿಯುತ್ತಿರಲಿಲ್ಲ.

ಈ ನಡುವೆ ಹಣ ಕರಗುತ್ತಿತ್ತು. ಯಂತ್ರಗಳ ವಿಷಯದಲ್ಲಿ ಗ್ರಾಂ ಲೆಕ್ಕದಲ್ಲಿ ಎಣ್ಣೆ ಉಳಿಸಿದ ಮನುಷ್ಯ ಸ್ವಂತ ವ್ಯವಹಾರದಲ್ಲಿ ಲಕ್ಷಗಟ್ಟಲೆ ಸೋರಿಹೋಗುವುದನ್ನು ತಡೆಯಲಾರದಾದರು. ಭೂಮಿ ವ್ಯವಹಾರದಲ್ಲಿ ಮೋಸಹೋದರು, ಎಣ್ಣೆ ಬಾವಿಗಳಲ್ಲಿ ಹೂಡಿದ್ದು ಮರಳಲಿಲ್ಲ, ಮೊಕದ್ದಮೆಗಳು ವರ್ಷಗಟ್ಟಲೆ ನಡೆದವು. ಮೂಲ ಪೇಟೆಂಟಿನ ಅವಧಿಯೂ ಮುಗಿಯಿತು. ಲೋಕ ಮಾತ್ರ ಅವರನ್ನು ಶ್ರೀಮಂತರೆಂದೇ ತಿಳಿದಿತ್ತು. 1912ರಲ್ಲಿ ಅಮೆರಿಕ ಪ್ರವಾಸದಲ್ಲಿ ಸಭೆ ಸನ್ಮಾನಗಳಾದವು. ಥಾಮಸ್ ಎಡಿಸನ್ನರನ್ನೂ ಭೇಟಿಯಾದರು. ಮನೆಯ ಲೆಕ್ಕಪುಸ್ತಕ ಬೇರೆಯೇ ಕಥೆ ಹೇಳುತ್ತಿತ್ತು. ಆ ಕಥೆಯನ್ನು ಹೆಂಡತಿ ಮಕ್ಕಳಿಗೂ ಅವರು ತಿಳಿಸಲಿಲ್ಲವೆಂಬುದೇ ನಮಗೆ ಅತ್ಯಂತ ದುಃಖದ ಸಂಗತಿಯಾಗಿ ಕಾಣುತ್ತದೆ.

1913ರ ಸೆಪ್ಟೆಂಬರ್ 29ರ ಸಂಜೆ ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಲ್ಲಿ ಡ್ರೆಸ್‌ಡನ್ ಎಂಬ ಉಗಿಹಡಗನ್ನು ಏರಿದರು. ಇಂಗ್ಲೆಂಡಿನಲ್ಲಿ ತಮ್ಮ ಯಂತ್ರ ತಯಾರಿಸುವ ಕಂಪನಿಯ ಸಭೆಗೆ ಹೋಗಬೇಕಿತ್ತು. ಇಬ್ಬರು ಮಿತ್ರರೊಡನೆ ಊಟ ಮಾಡಿ, ಹಡಗಿನ ಮೇಲಟ್ಟದಲ್ಲಿ ಅಡ್ಡಾಡಿ, ರಾತ್ರಿ ಹತ್ತರ ಸುಮಾರಿಗೆ ತಮ್ಮ ಕೋಣೆಗೆ ತೆರಳಿದರು. ಬೆಳಿಗ್ಗೆ ಆರೂಕಾಲಿಗೆ ಎಬ್ಬಿಸುವಂತೆ ಹೇಳಿದ್ದರು. ಬೆಳಿಗ್ಗೆ ಕೋಣೆ ಖಾಲಿಯಾಗಿತ್ತು. ಹಾಸಿಗೆಯಲ್ಲಿ ಯಾರೂ ಮಲಗಿರಲಿಲ್ಲ. ರಾತ್ರಿಯ ಉಡುಪು ಮಡಿಕೆ ಬಿಚ್ಚದೆ ಹಾಸಿಗೆಯ ಮೇಲಿತ್ತು. ಗಡಿಯಾರವನ್ನು ಹಾಸಿಗೆಯಿಂದ ಕಾಣುವಂತೆ ಇರಿಸಲಾಗಿತ್ತು. ಹಡಗಿನ ಹಿಂಬದಿಯ ಕಟಾಂಜನದ ಬಳಿ ಅವರ ಟೋಪಿ ಮತ್ತು ಮಡಿಸಿಟ್ಟ ಮೇಲಂಗಿ ದೊರೆತವು. ದಿನಚರಿಯಲ್ಲಿ ಆ ದಿನಾಂಕದ ಮುಂದೆ ಒಂದು ಶಿಲುಬೆಯ ಗುರುತಿತ್ತು. ಹೊರಡುವ ಮುನ್ನ ಪತ್ನಿಯ ಕೈಗೆ ಒಂದು ಚೀಲ ಕೊಟ್ಟು, ಒಂದು ವಾರ ಕಳೆದ ಬಳಿಕ ತೆರೆಯಬೇಕೆಂದು ತಿಳಿಸಿದ್ದರು. ತೆರೆದಾಗ ಅದರಲ್ಲಿ ಎರಡು ಲಕ್ಷ ಮಾರ್ಕ್ ನಗದು ಮತ್ತು ಬ್ಯಾಂಕಿನಲ್ಲಿ ಏನೂ ಉಳಿದಿಲ್ಲವೆಂದು ತೋರಿಸುವ ಪತ್ರಗಳಿದ್ದವು.

ಅಕ್ಟೋಬರ್ 10ರಂದು ಡಚ್ ದೋಣಿಯೊಂದರ ನಾವಿಕರಿಗೆ ಉತ್ತರ ಸಮುದ್ರದಲ್ಲಿ ದೇಹವೊಂದು ಕಾಣಿಸಿತು. ಅದು ಗುರುತು ಸಿಗದಂತಾಗಿದ್ದುದರಿಂದ ಜೇಬಿನಲ್ಲಿದ್ದ ವಸ್ತುಗಳನ್ನು ತೆಗೆದಿರಿಸಿಕೊಂಡು ದೇಹವನ್ನು ಕಡಲಿಗೇ ಒಪ್ಪಿಸಿದರು. ಗುಳಿಗೆಯ ಡಬ್ಬಿ, ಹಣದ ಚೀಲ, ಚಾಕು, ಕನ್ನಡಕದ ಪೆಟ್ಟಿಗೆ. ಮೂರು ದಿನಗಳ ಬಳಿಕ ಕಿರಿಯ ಮಗ ಯೂಗೆನ್ ಅವುಗಳನ್ನು ನೋಡಿ ತನ್ನ ತಂದೆಯವೆಂದು ಗುರುತಿಸಿದ. ಡೀಸೆಲ್ ಅವರಿಗೆ ಆಗ 55 ವರ್ಷ. ಬ್ರಿಟಿಷರಿಗೆ ರಹಸ್ಯ ಒಯ್ಯುತ್ತಿದ್ದರೆಂದು ಜರ್ಮನಿಯವರೇ ಕೊಲ್ಲಿಸಿದರು, ಎಣ್ಣೆ ಕಂಪನಿಗಳು ಕೊಲ್ಲಿಸಿದವು ಎಂಬ ವದಂತಿಗಳು ಅಂದಿನಿಂದ ಇಂದಿನವರೆಗೂ ಹರಡಿವೆ. ಯಾವುದಕ್ಕೂ ಪುರಾವೆಯಿಲ್ಲ. ಬರಿದಾದ ಲೆಕ್ಕಪುಸ್ತಕ ಮತ್ತು ದಿನಚರಿಯ ಆ ಗುರುತನ್ನು ನೋಡಿದರೆ, ಅವರು ತಾವಾಗಿಯೇ ಕಡಲು ಸೇರಿದರೆಂದು ನಂಬಲು ನಮಗೆ ಹೆಚ್ಚು ಕಾರಣಗಳು ಕಾಣುತ್ತವೆ.

ಲಾರಿಯ ಕನಸು ಹತ್ತು ವರ್ಷಗಳ ಬಳಿಕ ಫಲಿಸಿತು. 1923ರಲ್ಲಿ ಬೆಂಜ್ ಕಂಪನಿಯ ಡೀಸೆಲ್ ಲಾರಿ ರಸ್ತೆಗಿಳಿಯಿತು. 1924ರಲ್ಲಿ ಆಗ್ಸ್‌ಬರ್ಗ್‌ನ ಅದೇ ಹಳೆಯ ಕಾರ್ಖಾನೆಯ ಉತ್ತರಾಧಿಕಾರಿಯಾದ ಎಂ.ಎ.ಎನ್. ಕೂಡ ತನ್ನ ಲಾರಿಯನ್ನು ಓಡಿಸಿತು. ರಾಬರ್ಟ್ ಬಾಷ್ ಅವರ ಸಂಸ್ಥೆ 1927ರಲ್ಲಿ ಎಣ್ಣೆಯನ್ನು ನೇರವಾಗಿ ಒತ್ತಿ ಹಾಯಿಸುವ ಪಂಪನ್ನು ತಯಾರಿಸಲು ಆರಂಭಿಸಿದಾಗ ಆ ಭಾರದ ಕಂಪ್ರೆಸರಿನ ಕಾಟ ತಪ್ಪಿತು. ಈ ಪಂಪಿನ ಕಥೆಗೆ ಕನ್ನಡ ನಾಡಿನ ನಂಟೂ ಉಂಟು. ನಮ್ಮಲ್ಲಿ ಮೈಕೊ ಎಂದೇ ಪರಿಚಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಗಿ, ಆಡುಗೋಡಿಯ ಕಾರ್ಖಾನೆಯಿಂದ ದೇಶದ ಲಾರಿ, ಟ್ರ್ಯಾಕ್ಟರುಗಳಿಗೆ ಇಂಧನದ ಪಂಪು, ನಾಜಲ್ಲುಗಳನ್ನು ಒದಗಿಸಿತು. 2008ರಲ್ಲಿ ಅದು ಬಾಷ್ ಎಂಬ ಹೆಸರು ತಳೆಯಿತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರ ಮನೆತನದವರು 1946ರಲ್ಲಿ ಪುಣೆಯಲ್ಲಿ ಆಯಿಲ್ ಇಂಜಿನ್ ಕಾರ್ಖಾನೆ ತೆರೆದುದನ್ನು ಅಲ್ಲಿನ ನಮ್ಮ ಬಂಧುಗಳು ಬಲ್ಲರು.

ಇಂದಿನ ಪಿಕಪ್ಪಿನಲ್ಲಿ ಎಣ್ಣೆ ಎರಡು ಸಾವಿರ ಬಾರ್‌ವರೆಗಿನ ಒತ್ತಡದಲ್ಲಿ ಕೂದಲಿನಷ್ಟು ಸಣ್ಣ ರಂಧ್ರಗಳಿಂದ ಚಿಮ್ಮುತ್ತದೆ. ಅಂಥ ನಾಜಲ್ಲಿನ ಪರಮ ಶತ್ರುಗಳು ನೀರು ಮತ್ತು ಧೂಳು. ಡೀಸೆಲ್ ಫಿಲ್ಟರಿನ ತಳದಲ್ಲಿ ನೀರು ಸೇರುವ ಬಟ್ಟಲಿರುತ್ತದೆ. ಮಳೆಗಾಲದಲ್ಲಂತೂ ಅದನ್ನು ಕಾಲಕಾಲಕ್ಕೆ ಬಸಿಯಿಸಬೇಕು, ಡ್ಯಾಶ್‌ಬೋರ್ಡಿನಲ್ಲಿ ಅದರ ದೀಪ ಹೊತ್ತಿದರೆ ಅಂದೇ ಬಸಿಯಿಸಬೇಕು. ಕೆಲವು ನೂರು ರೂಪಾಯಿ ಉಳಿಸಲು ಹೆಸರಿಲ್ಲದ ಫಿಲ್ಟರ್ ಹಾಕಿಸಿ, ಹಲವು ಸಾವಿರದ ನಾಜಲ್ ಕಳೆದುಕೊಳ್ಳುವುದು ಲಾಭದ ವ್ಯಾಪಾರವಲ್ಲ. ಟರ್ಬೊ ಇರುವ ಇಂಜಿನ್ನನ್ನು ಘಾಟಿ ಹತ್ತಿ ಬಂದ ಕೂಡಲೇ ಆರಿಸದೆ, ಒಂದು ನಿಮಿಷ ಹಾಗೆಯೇ ಬಿಟ್ಟು ಆರಿಸಿದರೆ ಅದರ ಬೇರಿಂಗು ಬಾಳುತ್ತದೆ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ಬಹುತೇಕ ಡೀಸೆಲ್ ವಾಹನಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಟ್ಟು ಸುಡುವ ಫಿಲ್ಟರಿದೆ. ಅಂಧೇರಿಯಿಂದ ದಾದರಿನವರೆಗೆ ನಿಂತು ನಿಂತು ಸಾಗುವ ಓಡಾಟದಲ್ಲಿ ಅದು ಸುಡುವಷ್ಟು ಬಿಸಿಯಾಗದೆ ಕಟ್ಟಿಕೊಳ್ಳುತ್ತದೆ. ಆಗಾಗ ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸುವುದು ಅದಕ್ಕೆ ಮದ್ದು. ಯೂರಿಯಾ ದ್ರಾವಣ ಬೇಡುವ ವಾಹನವಾದರೆ, ಅದನ್ನು ತಪ್ಪಿ ಡೀಸೆಲ್ ಟ್ಯಾಂಕಿಗೆ ಸುರಿಯದಂತೆ ಚಾಲಕನಿಗೆ ಮೊದಲ ದಿನವೇ ತೋರಿಸಿಕೊಡಬೇಕು.

ಮುಂಬಯಿ, ಚೆನ್ನೈಗಳ ಓದುಗರಿಗೆ ಇನ್ನೊಂದು ಮಾತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಮುಳುಗಿದ ವಾಹನಗಳನ್ನು ನಾವು ಮರೆತಿಲ್ಲ. ನೀರಿನಲ್ಲಿ ನಿಂತುಹೋದ ಡೀಸೆಲ್ ವಾಹನದ ಕೀಲಿಯನ್ನು ಮತ್ತೆ ತಿರುಗಿಸಬಾರದು. ಗಾಳಿಯನ್ನು ಹದಿನಾರರಲ್ಲೊಂದು ಪಾಲಿಗೆ ಒತ್ತಬಲ್ಲ ಪಿಸ್ಟನ್ ನೀರನ್ನು ಒತ್ತಲಾರದು. ಒಳಗೆ ನೀರು ಸೇರಿದ್ದರೆ ಕನೆಕ್ಟಿಂಗ್ ರಾಡು ಬಾಗುತ್ತದೆ, ಇಂಜಿನ್ನೇ ಹೋಗುತ್ತದೆ. ತಳ್ಳಿಸಿಕೊಂಡು ಗ್ಯಾರೇಜು ಸೇರಿಸುವುದೇ ಸರಿ.

ಹೊಸ ಪಿಕಪ್ಪಿಗೆ ಅಲಂಕಾರ ಮಾಡಿಸುವ ಉತ್ಸಾಹ ಸಹಜವೇ. ಸಾಮಾನು ಹೇರುವ ತೊಟ್ಟಿಗೆ ದಪ್ಪ ರಬ್ಬರಿನ ಹಾಸು, ತಳಕ್ಕೆ ತುಕ್ಕುನಿರೋಧಕ ಲೇಪ, ಮಡ್‌ಫ್ಲಾಪು, ಕಟ್ಟಲು ಗಟ್ಟಿ ಕೊಕ್ಕೆಗಳು, ಒಳ್ಳೆಯ ತಾಡಪಾಲು: ಇವು ಹಣ ಹಾಕಿದ್ದಕ್ಕೆ ಬದಲು ಕೊಡುವಂಥವು. ಕಡಲತೀರದ ಊರುಗಳಲ್ಲಿ ತುಕ್ಕಿನ ಲೇಪವನ್ನು ಮೊದಲ ಮಳೆಗಾಲದೊಳಗೇ ಮಾಡಿಸುವುದು ಜಾಣತನ. ಇಂಜಿನ್ನಿನ ಬಲ ಹೆಚ್ಚಿಸುವ ಚಿಪ್ಪುಗಳನ್ನು ಮಾತ್ರ ನಾವು ಯಾರಿಗೂ ಶಿಫಾರಸು ಮಾಡೆವು. ವಾರಂಟಿಯೂ ಹೋಗುತ್ತದೆ, ಹೊಗೆಯೂ ಹೆಚ್ಚುತ್ತದೆ. ಮುಂದುಗಡೆಯ ಉಕ್ಕಿನ ಕ್ರಾಶ್‌ಗಾರ್ಡುಗಳ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿಯೇ ಕ್ರಮಕ್ಕೆ ಸೂಚಿಸಿದೆ. ತೊಟ್ಟಿಯ ಎತ್ತರ, ಉದ್ದಗಳನ್ನು ಮನಬಂದಂತೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಅಡ್ಡಿಯಾಗಿದೆ.

ಡೀಸೆಲ್ ಅವರ ಮಗ ಯೂಗೆನ್ ಮುಂದೆ ಲೇಖಕರಾಗಿ, 1937ರಲ್ಲಿ ತಂದೆಯ ಜೀವನಚರಿತ್ರೆಯನ್ನು ಪ್ರಕಟಿಸಿದರು. 1897ರ ಆ ಯಂತ್ರ ಮ್ಯೂನಿಕ್‌ನ ಜರ್ಮನ್ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಅದನ್ನು ರೂಪಿಸಿದಾತನಿಗೆ ಸಮಾಧಿಯಿಲ್ಲ. ಆಗ್ಸ್‌ಬರ್ಗ್‌ನ ಉದ್ಯಾನವೊಂದರಲ್ಲಿ 1957ರಲ್ಲಿ ಅವರ ನೆನಪಿಗೆ ಶಿಲೆಗಳ ಒಂದು ಪುಟ್ಟ ವನ ನಿರ್ಮಾಣವಾಯಿತು. ಅದನ್ನು ಕಾಣಿಕೆಯಾಗಿ ಕೊಟ್ಟವರು ಜರ್ಮನಿಯ ಯಾವ ದೊಡ್ಡ ಕಾರ್ಖಾನೆಯವರೂ ಅಲ್ಲ. ಯಾನ್ಮಾರ್ ಸಂಸ್ಥೆಯ ಸ್ಥಾಪಕರಾದ ಜಪಾನಿನ ಯಮಾವೊಕಾ ಮಾಗೊಕಿಚಿ. ರೈತನೊಬ್ಬನ ಗದ್ದೆಗೆ, ಸಣ್ಣ ಕಸುಬುದಾರನ ಕೊಟ್ಟಿಗೆಗೆ ಒಪ್ಪುವಷ್ಟು ಚಿಕ್ಕ ಡೀಸೆಲ್ ಇಂಜಿನ್ನನ್ನು 1933ರಲ್ಲಿ ತಯಾರಿಸಿ ಯಶಸ್ಸು ಕಂಡವರು ಅವರು.